ಮುಖ ತಿರುಗಿಸಿ ಕೂತವನು

ಟ್ರೆಡ್‌ಮಿಲ್ಲಿನ ಎದುರಿಗೆ ಶೆನ್ ಮುಯಾನನ ಬೆಟ್ಟದ ಚಿತ್ರ ನೇತಾಡುತ್ತಿರುವುದನ್ನು ನೋಡಿದ ಕ್ಷಣವೇ ಈ ಮನೆಯವರನ್ನು ಯಾವತ್ತೂ ಕ್ಷಮಿಸಬಾರದು ಎಂದು ರುಕ್ಸಾರ್ ತೀರ್ಮಾನಿಸಿಬಿಟ್ಟಳು.

ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನ ಆ ಮನೆ ಹಾರ್ಟ್ ಸ್ಪೆಷಲಿಸ್ಟ್ ಖಾದರ್ ಅವರದು. ಬಾಗಿಲು ತೆಗೆದರೆ ಅಮೃತಶಿಲೆ, ತಲೆ ಎತ್ತಿದರೆ ಶಾಂಡ್ಲಿಯರ್, ಮೂಲೆಯಲ್ಲಿ ಸ್ವಿಚ್ ಹಾಕಿದರೆ ಹರಿಯುವ ಜಲಪಾತ. ಸೋಫಾ ತಂದು ವರ್ಷಗಳೇ ಆಗಿದ್ದರೂ ಅದರ ಪ್ಲಾಸ್ಟಿಕ್ ಕವರು ತೆಗೆದಿರಲಿಲ್ಲ. ಇಂಥವರ ಮನೆಯಲ್ಲಿ ಶೆನ್ ಮುಯಾನ್ ಬಿಡಿಸಿದ ಹನ್ನೊಂದು ಚಿತ್ರಗಳಿದ್ದವು. ಒಂದು ಟ್ರೆಡ್‌ಮಿಲ್ಲಿನ ಎದುರು, ಒಂದು ಲಾಂಡ್ರಿ ರೂಮಿನಲ್ಲಿ, ಉಳಿದವು ಬೇಸ್‌ಮೆಂಟಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲಿನ ಹಿಂದೆ.

"ಛಲೋ ಅದಾವಲ್ಲಮ್ಮಾ?" ಎಂದರು ಖಾದರ್. "ಮುಂಜಾನೆ ಇದರ ಮ್ಯಾಲೆ ನಡೀವಾಗ ಬೆಟ್ಟ ಹತ್ತಿದಂಗ ಅನಸ್ತೈತಿ. ಬಿ.ಪಿ. ಇಳೀತೈತಿ."

"ಇದಕ್ಕೆ ಬಿಸಿಲು ಬೀಳಬಾರದು ಅಂಕಲ್. ಬೆವರಿನ ಹಬೆಯಂತೂ ಬೀಳಲೇಬಾರದು."

"ಅಡ್ಡಿ ಇಲ್ಲ, ಫ್ಯಾನ್ ಐತಿ," ಎಂದು ಅವರು ಸಮಾಧಾನ ಹೇಳಿ, ಚಹಾ ಆರುತ್ತದೆಂದು ಮೇಲೆ ಹೋದರು.

ಎರಡು ಸಾವಿರದ ನಾಲ್ಕರ ಫೆಬ್ರವರಿ ಅದು. ರುಕ್ಸಾರ್ ಚಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ತಾಯಿ ನೂರುನ್ನೀಸಾರನ್ನು ಕೂರಿಸಿಕೊಂಡು ಬೆಳಗ್ಗೆಯೇ ಹೊರಟು ಬಂದಿದ್ದಳು. ಚಿಕಾಗೋದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಕಾಂಟ್ರ್ಯಾಕ್ಟ್ ಕೆಲಸ. ಏಪ್ರಿಲ್ಲಿನಲ್ಲಿ ಶೆನ್ ಮುಯಾನನ ಪ್ರದರ್ಶನ. ಅದು ಗೆದ್ದರೆ ಕೆಲಸ ಖಾಯಂ. ಕ್ಯಾಟಲಾಗಿನ ಪ್ರೂಫು ಅವಳ ಬ್ಯಾಗಿನಲ್ಲೇ ಇತ್ತು.

ತಾಯಿ ಇಷ್ಟು ದೂರದ ಪ್ರಯಾಣಕ್ಕೆ ಒಂದೇ ಮಾತಿಗೆ ಒಪ್ಪಿದ್ದು ಯಾಕೆಂದು ಅವಳಿಗೆ ಅನುಮಾನ ಬರಬೇಕಿತ್ತು. ಚಿತ್ರಗಳ ಧ್ಯಾನದಲ್ಲಿ ಅದು ಹೊಳೆಯಲಿಲ್ಲ.

ಬೇಸ್‌ಮೆಂಟಿನಲ್ಲಿ ಅವಳು ಬಹಳ ಹೊತ್ತು ನಿಂತಿದ್ದು ಒಂದೇ ಚಿತ್ರದ ಮುಂದೆ. ಉದ್ದದ ಕಾಗದ. ಅದರ ಮುಕ್ಕಾಲು ಭಾಗ ಏನನ್ನೂ ಬರೆಯದೆ ಬಿಟ್ಟ ಬಿಳಿ. ಆ ಬಿಳಿಯೇ ಮಂಜು. ಮಂಜಿನೊಳಗಿಂದ ಎದ್ದ ಕಪ್ಪು ಗೆರೆಗಳ ಬೆಟ್ಟ, ಬೆಟ್ಟದ ಬುಡದಲ್ಲೊಂದು ಬಿದಿರು ತಡಿಕೆ, ಕೆಳಗೆ ಮೂಲೆಯಲ್ಲಿ ಬಾಗಿದ ಚಾವಣಿಯಡಿ ಎರಡು ಪುಟ್ಟ ಆಕೃತಿಗಳು. ಒಂದು ಬೆಟ್ಟವನ್ನು ನೋಡುತ್ತಿದೆ. ಇನ್ನೊಂದು ಮುಖ ತಿರುಗಿಸಿ ಕೂತಿದೆ. ಕುತ್ತಿಗೆಗೆ ಒಂದೇ ಗೆರೆ, ಭುಜಕ್ಕೆ ಇನ್ನೊಂದು. ಅಷ್ಟರಲ್ಲೇ ಅದರ ಮುನಿಸು ಪೂರಾ ಬಂದಿತ್ತು.

ಸ್ಲೈಡಿನಲ್ಲಿ ಆ ಆಕೃತಿಯನ್ನು ಅವಳು ನಾಲ್ಕು ವರ್ಷದಿಂದ ನೋಡುತ್ತಿದ್ದಳು. ಅದು ಶೆನ್‌ನ ತೀರಿಹೋದ ಹೆಂಡತಿ ಎಂದು ಅವಳೇ ಗುರುತಿಸಿ ಬರೆದಿದ್ದಳು: 'ಮುನಿಸಿಕೊಂಡಿದ್ದಾಳೆ, ಆದರೆ ಎದ್ದು ಹೋಗಿಲ್ಲ. ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.' ತನ್ನ ಬರಹವನ್ನೂ ಸುಲಭಕ್ಕೆ ಮೆಚ್ಚದ ರುಕ್ಸಾರ್‌ಗೆ ಆ ಸಾಲು ಮಾತ್ರ ಇಷ್ಟ. ಮನಸ್ಸಿಗೆ ಬೇಸರವಾದಾಗ ಅದನ್ನು ತಾನೇ ಓದಿಕೊಳ್ಳುತ್ತಿದ್ದಳು. ಅಂಥವರೊಬ್ಬರು ಪಕ್ಕದಲ್ಲಿ ಕೂತಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುವುದೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಸುಮ್ನ ಯಾಕ ಇಷ್ಟು ತ್ರಾಸ ತಗೋತೀರಿ?" ಹಿಂದಿನಿಂದ ಗಂಡು ದನಿ. "ನನ್ನ ನೋಡಾಕ ಬಂದೀರಿ, ನೋಡಿ ಹೋಗ್ರಿ. ಚಿತ್ರ ನೋಡೂ ನಾಟಕ ಬ್ಯಾಡ."

ತಿರುಗಿದಳು. ಮಾಸಿದ ಸ್ವೆಟರಿನ ಮೂವತ್ತೈದರ ಆಸುಪಾಸಿನವನೊಬ್ಬ ಪಿಂಗ್‌ಪಾಂಗ್ ಟೇಬಲ್ಲಿಗೆ ಒರಗಿ ನಿಂತಿದ್ದ. ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಮೇಲಿತ್ತು. ಹುಟ್ಟಿನಿಂದಲೇ ಹಾಗೋ, ಜಗತ್ತನ್ನು ನೋಡಿ ನೋಡಿ ಹಾಗಾಯಿತೋ ಹೇಳುವುದು ಕಷ್ಟ.

"ನೀವು ಯಾರು?"

"ಅದೀಬ್. ಖಾದರ್ ಮಾಮುನ ಅಕ್ಕನ ಮಗ. ಇಲ್ಲೇ ಸಮೀಪ ನೋವೈದಾಗ ಕಾರಿನ ಹೆಡ್‌ಲೈಟ್ ಡಿಸೈನ್ ಮಾಡ್ತೀನಿ. ಇದನ್ನೆಲ್ಲ ನಿಮ್ಮ ಅಮ್ಮಿ ಹೇಳಿರಬೇಕಲ್ಲ."

ಮೇಲಿನಿಂದ ಕಪ್-ಸಾಸರಿನ ಸದ್ದು, ಹೆಂಗಸರ ತೃಪ್ತ ನಗು ಕೇಳಿಸಿತು. ರುಕ್ಸಾರ್‌ಗೆ ಈಗ ಎಲ್ಲ ಅರ್ಥವಾಯಿತು. ಕಿವಿ ಬಿಸಿಯಾಯಿತು.

"ನಿಮ್ಮನ್ನ ನೋಡೋಕೆ ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡು ಬರೋ ಅಂಥದ್ದು ನಿಮ್ಮಲ್ಲಿ ಏನಿದೆ?"

ಅದೀಬ್ ಪ್ರಾಮಾಣಿಕವಾಗಿ ಯೋಚಿಸಿದ. "ಏನೂ ಇಲ್ರಿ. ಅದಕ್ಕ ನನಗೂ ಆಶ್ಚರ್ಯ ಆಗಿತ್ತು."

ನಗು ಬಂತು. ಬರಬಾರದಿತ್ತು. ಅವಳು ಅದನ್ನು ಕೆಮ್ಮಾಗಿ ಮಾಡಿಕೊಂಡಳು. ಅವನು ಅದನ್ನು ಗಮನಿಸಿ, ಗಮನಿಸದವನ ಹಾಗೆ ಅವಳು ಬ್ಯಾಗಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟಿದ್ದ ಪ್ರೂಫನ್ನು ಎತ್ತಿಕೊಂಡ.

"'ಕಳೆದುಕೊಂಡ ಬೆಟ್ಟಗಳು'," ಎಂದು ಹೆಸರು ಓದಿದ. ಒಂದೆರಡು ಪುಟ ತಿರುವಿದ. ಈ ಬಾರಿ ಎರಡೂ ಹುಬ್ಬು ಮೇಲೇರಿದವು. "ಇದನ್ನ ನೀವ ಬರದೀರೇನು?"

"ಹೌದು."

"ಬಹಳ ಓದೀರಿ ಅಂತ ಮಾಮು ಹೇಳ್ತಿದ್ದ. ಹೌದನ್ರಿ, ಇವು ಬೆಟ್ಟ ಅಂತ ನಿಮಗ ಹೇಳಿದವರು ಯಾರು?"

ಶೆನ್ ಮುಯಾನನ ಬದುಕನ್ನು ರುಕ್ಸಾರ್ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವಳಾಗಿದ್ದಳು. ಚೀನಾದ ಅನ್‌ಹುಯಿ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಹುಟ್ಟಿದವನು. ಹ್ಯಾಂಗ್‌ಝೌನಲ್ಲಿ ಕಲಿತು ಅಲ್ಲೇ ಮೇಷ್ಟ್ರಾದವನು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹುಡುಗರು ಅವನ ಚಿತ್ರಗಳನ್ನು ಅಂಗಳದಲ್ಲಿ ಸುಟ್ಟು, ಅವನ ಕೈಗೆ ಪೊರಕೆ ಕೊಟ್ಟು ಕಕ್ಕಸು ತೊಳೆಸಿದರು. ಹೆಂಡತಿ ಆ ವರ್ಷಗಳಲ್ಲೇ ಹೋದಳು. ಎಂಬತ್ತರ ದಶಕದಲ್ಲಿ ಕಾರ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಮಗಳ ಜೊತೆ ಮಿಶಿಗನ್ನಿಗೆ ಬಂದ. ಒಂದು ದಿಬ್ಬವೂ ಇಲ್ಲದ ಈ ಚಪ್ಪಟೆ ಸೀಮೆಯಲ್ಲಿ ತೊಂಬತ್ತೆಂಟರಲ್ಲಿ ಸಾಯುವವರೆಗೂ ಬೆಟ್ಟ ಬಿಡಿಸಿದ. ಅವು ತಾಯ್ನಾಡಿನ ನೆನಪು, ಅವುಗಳ ಮೇಲೆ ಹರಿದ ಕಪ್ಪು ಶೋಕದ ಮಸಿ ಎಂದು ಅವಳು ಬರೆದಿದ್ದಳು. ಓದಿದ ಪ್ರೊಫೆಸರರು ಕಣ್ಣೊರೆಸಿಕೊಂಡಿದ್ದರು.

"ಅವು ಬೆಟ್ಟ ಅಲ್ರಿ," ಎಂದ ಅದೀಬ್. "ಪಾರ್ಕಿಂಗ್ ಲಾಟಿನಾಗ ಟ್ರಕ್ ತಳ್ಳಿ ರಾಶಿ ಹಾಕ್ತಾವಲ್ಲ, ಆ ಹೊಲಸು ಸ್ನೋ. ಮ್ಯಾಲೆ ಇರೂದು ಶೋಕ ಅಲ್ಲ, ಕಾರಿನ ಹೊಗಿ."

"ನಿಮಗೆ ಚಿತ್ರಕಲೆ ಬಗ್ಗೆ ಏನು ಗೊತ್ತು?"

"ಏನೂ ಗೊತ್ತಿಲ್ಲ. ಆದರ ಅವನ್ನ ಬಿಡಿಸೂವಾಗ ಪಕ್ಕದಾಗ ನಾ ಕುಂತಿದ್ದೆ."

ತೊಂಬತ್ತೈದರಲ್ಲಿ ಅವನು ಗದಗಿನಿಂದ ಬಂದ ಹೊಸದು. ಶೆನ್ ಖಾದರರ ಪೇಷೆಂಟು. ಮಗಳಿಗೆ ಬಿಡುವಿಲ್ಲದ ದಿನ ಮುದುಕನನ್ನು ಕ್ಲಿನಿಕ್ಕಿಗೆ ಕರೆತಂದು ಬಿಡುವ ಕೆಲಸ ಮಾಮು ಸೋದರಳಿಯನ ತಲೆಗೆ ಕಟ್ಟಿದ್ದರು. ವಾಪಸು ಹೋಗುವಾಗ ಮುದುಕ ಮುಚ್ಚಿಹೋದ ಅಂಗಡಿಯೊಂದರ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿಸು ಎಂದು ಕೈ ಮಾಡುತ್ತಿದ್ದ. ಕಾರಿನೊಳಗೇ ಕೂತು ಬಿಡಿಸುತ್ತಿದ್ದ. ಪ್ರತಿ ಹೊಸ ವರ್ಷಕ್ಕೂ ಡಾಕ್ಟರಿಗೆ ಇಷ್ಟಿಷ್ಟು ಕಾಗದ ಸುರುಳಿ ಸುತ್ತಿ ತಂದುಕೊಡುತ್ತಿದ್ದ.

"ಅವರಿಗೂ ನನ್ನ ಕಂಡ್ರ ಆಗ್ತಿರಲಿಲ್ಲ," ಎಂದು ಅದೀಬ್ ಮುಗಿಸಿದ. "ನನ್ನ ಡ್ರೈವಿಂಗ್ ನೋಡಿ ಚೀನೀ ಭಾಷಾದಾಗ ಬಯ್ತಿದ್ದರು. ನಾ ಕನ್ನಡದಾಗ ಬಯ್ತಿದ್ದೆ."

ರುಕ್ಸಾರ್ ಪ್ರೂಫನ್ನು ಅವನ ಕೈಯಿಂದ ಕಸಿದುಕೊಂಡಳು. ಮೆಟ್ಟಿಲು ಹತ್ತಿದಳು. ಕಾರಿನಲ್ಲಿ ಆ್ಯನ್ ಆರ್ಬರ್ ದಾಟುವ ತನಕ ತಾಯಿ ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ಏನೇ, ಹೆಂಗಿದ್ದಾನೆ?"

"ಅಹಂಕಾರಿ."

"ನಿನಗೆ ಸರಿಹೋಯ್ತು," ಎಂದು ನೂರುನ್ನೀಸಾ ಸೀಟು ಹಿಂದಕ್ಕೆ ಒರಗಿಸಿ ನಿದ್ದೆ ಹೋದರು.

ಮಾರ್ಚಿನಲ್ಲಿ ಚಿತ್ರಗಳನ್ನು ಸಾಗಿಸಲು ಮ್ಯೂಸಿಯಮ್ಮಿನ ಟ್ರಕ್ಕಿನ ಜೊತೆ ಅವಳೊಬ್ಬಳೇ ಬಂದಳು. ಬಂದವಳೇ ಅದೀಬ್‌ಗೆ ಫೋನ್ ಮಾಡಿದಳು. "ನಿಮ್ಮ ಪಾರ್ಕಿಂಗ್ ಲಾಟ್ ತೋರಿಸಿ. ಸುಳ್ಳಾಗಿದ್ರೆ ಇನ್ನೊಂದು ಸಲ ನಿಮ್ಮ ಮುಖ ನೋಡಲ್ಲ."

"ಖರೇ ಆಗಿದ್ರ?"

ಅವಳು ಫೋನ್ ಇಟ್ಟಳು.

ಅವನ ಕಾರು ನೋಡಿ ಅವಳಿಗೆ ನಾಚಿಕೆಯಾಯಿತು. ತುಕ್ಕು ಹಿಡಿದ ಹಳೆಯ ಸೆಡಾನ್. ಹೊಸ ಕಾರುಗಳಿಗೆ ಹೆಡ್‌ಲೈಟ್ ಮಾಡುವವನು ಇದರಲ್ಲಿ ಆಫೀಸಿಗೆ ಹೋದರೆ ಗೇಟಿನಲ್ಲಿ ತಡೆಯುವುದಿಲ್ಲವೇ ಎಂದು ಕೇಳಿದಳು. ತಡೆಯುತ್ತಾರೆ, ವಾರಕ್ಕೊಮ್ಮೆ, ಎಂದ ಅವನು. ಕೂತು ನೋಡಿದರೆ ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲೆ ದುಂಡನೆಯ ಕಪ್ಪು ಕಲೆ. ಹೀಟರಿನ ಕಿಂಡಿಯ ಕೆಳಗೆ ಇನ್ನೊಂದು. ರುಕ್ಸಾರ್ ಬೆರಳಿಟ್ಟು ನೋಡಿದಳು. ಯಾವ ಮಸಿ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನೋವೈಯ ಆ ಲಾಟಿನ ಮೂಲೆಯಲ್ಲಿ ರಾಶಿ ಇನ್ನೂ ಕರಗಿರಲಿಲ್ಲ. ಶಿಖರ, ಅದರ ಹಿಂದೆ ಇನ್ನೊಂದು ಶಿಖರ, ನಡುವೆ ಕಣಿವೆ. ನೀರು ಇಳಿದ ಜಾಡಿನಲ್ಲೆಲ್ಲ ಹೊಗೆಯ ಕಪ್ಪು ಗೆರೆ. ಬುಡದಲ್ಲಿ ಒಂದು ಶಾಪಿಂಗ್ ಕಾರ್ಟು ಅರ್ಧ ಹೂತುಕೊಂಡು ಅದರ ತಂತಿಯ ಜಾಲರಿ ಮಾತ್ರ ಹೊರಗಿತ್ತು.

ಬಿದಿರು ತಡಿಕೆ. 'ಲೋಕ ತೊರೆದ ಸನ್ಯಾಸಿಯ ಬೇಲಿ' ಎಂದು ಅವಳು ಒಂದಿಡೀ ಪುಟ ಬರೆದಿದ್ದಳು.

ಊರಿನ ಬಸ್ ಸ್ಟ್ಯಾಂಡ್ ನೆನೆದು ಪಾಟ್‌ಲಕ್ ಊಟದ ಕೂಟಗಳಲ್ಲಿ ಕಣ್ಣೀರು ಹಾಕುವ ಅಂಕಲ್‌ಗಳನ್ನು, ಸ್ಟೀಲ್ ಲೋಟದಲ್ಲಿ ಚಹಾ ಕುಡಿದು ನಿಟ್ಟುಸಿರು ಬಿಡುವ ಆಂಟಿಗಳನ್ನು ಕಂಡರೆ ರುಕ್ಸಾರ್ ಮೂಗು ಮುರಿಯುತ್ತಿದ್ದಳು. ಈಗ ನೋಡಿದರೆ ಆ ಅಂಕಲ್‌ಗಳ ಅಳುವನ್ನೇ ಎತ್ತಿ ಒಬ್ಬ ಮುದುಕನ ಮೇಲೆ ಹೊರಿಸಿ, ಅದಕ್ಕೆ ಅಡಿಟಿಪ್ಪಣಿ ಹಾಕಿ ಡಾಕ್ಟರೇಟ್ ತೆಗೆದುಕೊಂಡಿದ್ದಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಕ್ಯಾಟಲಾಗ್ ಪ್ರಿಂಟಿಗೆ ಹೋಯ್ತೇನು?" ಅದೀಬ್ ಮೆಲ್ಲಗೆ ಕೇಳಿದ.

"ಹೋಯ್ತು."

"ಹಂಗಾದ್ರ ಬಿಡ್ರಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ನಿಮ್ಮ ನೌಕರಿ ಪ್ರಶ್ನೆ."

ಅವಳು ಅವನ ಕಡೆ ತಿರುಗಿದಳು. "ನಿಮ್ಮ ದಯೆ ನನಗೆ ಬೇಡ. ನಿಮ್ಮಲ್ಲಿದ್ದ ಒಂದೇ ಒಳ್ಳೆ ಗುಣ ಮುಲಾಜಿಲ್ಲದೆ ಮಾತಾಡೋದು. ಅದೂ ಹೋಯ್ತಾ? ನೀವೂ ಮಿಕ್ಕವರ ಹಾಗೇನಾ?"

ಮಾತು ತಾಗಿತು. ಅವನ ಹುಬ್ಬು ಕೆಳಗಿಳಿಯಿತು. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತುಬಿಟ್ಟ.

ಕುತ್ತಿಗೆಗೆ ಒಂದು ಗೆರೆ. ಭುಜಕ್ಕೆ ಒಂದು ಗೆರೆ.

ರುಕ್ಸಾರ್ ಸುತ್ತ ನೋಡಿದಳು. ತಾನು ಕೂತಿರುವುದು ಶೆನ್ ಕೂತಿದ್ದ ಸೀಟಿನಲ್ಲಿ. ತಲೆಯ ಮೇಲೆ ಕಾರಿನ ಬಾಗಿದ ಚಾವಣಿ. ಎದುರಿಗೆ ಬೆಟ್ಟ. ಪಕ್ಕದಲ್ಲಿ, ನಾಲ್ಕು ವರ್ಷದಿಂದ ಅವಳು ಗಂಟೆಗಟ್ಟಲೆ ನೋಡುತ್ತ ಬಂದಿದ್ದ ಕುತ್ತಿಗೆ. ಕಿವಿಯ ಹಿಂದೆ ಕೂದಲು ಸುರುಳಿಯಾಗಿತ್ತು. ಅದೊಂದನ್ನು ಮುದುಕ ಬಿಡಿಸಿರಲಿಲ್ಲ. ಕೈ ಚಾಚಿ ಮುಟ್ಟಬೇಕೆನ್ನಿಸಿತು. ಆ ಆಸೆ ಬಂದಿದ್ದಕ್ಕೆ ತನ್ನನ್ನು ಬೈದುಕೊಂಡು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಎಷ್ಟು ಹೊತ್ತು ಹೀಗೆ ಕೂತಿರ್ತಿದ್ರಿ?" ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಅವರ ಕೈ ನಿಲ್ಲೂ ತನಕ."

"ಬೇಜಾರಾದ್ರೆ ಎಲ್ಲಾದ್ರೂ ಕಾಫಿ ಕುಡಿಯೋಕೆ ಹೋಗಬಹುದಿತ್ತು."

ಅವನು ಕಿಟಕಿಗೇ ಉತ್ತರ ಕೊಟ್ಟ. "ಈ ಡಬ್ಬಾ ಇಂಜಿನ್ ಆಗಿಂದಲೂ ಹಿಂಗ. ಆಕ್ಸಿಲರೇಟರ್ ಮ್ಯಾಲೆ ಕಾಲ ಇಡದಿದ್ರ ನಿಂತುಬಿಡ್ತೈತಿ. ನಿಂತ್ರ ಹೀಟರ್ ಹೋಗ್ತೈತಿ. ಮುದುಕನ ಕೈ ಸೆಟದು, ಮಸಿ ಗಡ್ಡಿ ಆಗಿ... ಮತ್ತ ನನಗ ಬಯ್ತಿದ್ದರು. ಅದಕ್ಕ ಕುಂದರತಿದ್ದೆ."

ಆ ಹೊತ್ತಿನಲ್ಲೂ ಅವನ ಬಲಗಾಲು ಪೆಡಲಿನ ಮೇಲಿತ್ತು. ಹೀಟರು ಅವಳ ಮೊಣಕಾಲಿಗೆ ಬಿಸಿ ಊದುತ್ತಿತ್ತು. ಚಿತ್ರದಲ್ಲಿರುವುದು ಅವನೇ ಎಂದು ಅವಳು ಹೇಳಲಿಲ್ಲ. ಹೇಳಿದರೆ ತನ್ನ ಆ ಸಾಲು ಯಾರ ಬಗ್ಗೆ ಎಂದೂ ಹೇಳಬೇಕಾಗುತ್ತಿತ್ತು.

ಚಿಕಾಗೋಗೆ ಮರಳಿ ಮ್ಯೂಸಿಯಮ್ಮಿನ ಡೈರೆಕ್ಟರ್ ಲೀನಾಗೆ ಎಲ್ಲ ಹೇಳಿದಳು. ಲೀನಾ ಮುಗುಳ್ನಗುತ್ತಲೇ ಕೇಳಿಸಿಕೊಂಡಳು. ಯಾವ ಸುದ್ದಿಗೂ ಆಕೆಯದು ಅದೇ ನಗು. ದಾನಿಗಳಿಗೆ 'ಕಳೆದುಕೊಂಡ ಬೆಟ್ಟಗಳು' ಹಿಡಿಸಿದೆ, ಬ್ಯಾನರು ಬೀದಿಯಲ್ಲಿ ಹಾರಾಡುತ್ತಿದೆ, ಯಾರೂ ಪಾರ್ಕಿಂಗ್ ಲಾಟ್ ನೋಡಲು ಟಿಕೆಟ್ ಕೊಳ್ಳುವುದಿಲ್ಲ. ಉದ್ಘಾಟನೆಯ ಭಾಷಣದಲ್ಲಿ ಕ್ಯಾಟಲಾಗಿನಲ್ಲಿರುವುದನ್ನೇ ಹೇಳು. ಶಾಪಿಂಗ್ ಕಾರ್ಟಿನ ವಿಷಯ ಮುಂದೆ ಯಾವತ್ತಾದರೂ ಯಾವುದಾದರೂ ಜರ್ನಲ್ಲಿಗೆ ಬರೆ. ಖಾಯಂ ಕೆಲಸದ ಪತ್ರಕ್ಕೆ ಮರುದಿನ ಸೋಮವಾರವೇ ಸಹಿ ಹಾಕುತ್ತೇನೆ ಎಂದಳು.

ಏಪ್ರಿಲ್ಲಿನ ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಮುತ್ತಿನ ಸರದ ಹೆಂಗಸರು, ಅರ್ಥವಾಗುವ ಮೊದಲೇ ತಲೆದೂಗುವ ಗಂಡಸರು. ಮುಂದಿನ ಸಾಲಿನಲ್ಲಿ ಹೊಸ ಸೂಟಿನ ಖಾದರ್, ಅವರ ಪಕ್ಕ ನೂರುನ್ನೀಸಾ. ಗೋಡೆಯ ಮೇಲೆ 'ಡಾಕ್ಟರ್ ಖಾದರ್ ಸಂಗ್ರಹ' ಎಂದು ಬರೆದದ್ದನ್ನು ಖಾದರ್ ತಿರುತಿರುಗಿ ನೋಡುತ್ತಿದ್ದರು. ಹಿಂದಿನ ಬಾಗಿಲ ಬಳಿ, ಕೂರಲು ಜಾಗವಿದ್ದರೂ ನಿಂತೇ ಇದ್ದವನು ಅದೀಬ್. ಕರೆದಿರಲಿಲ್ಲ, ಬಂದಿದ್ದ.

ರುಕ್ಸಾರ್ ಮೈಕಿನ ಮುಂದೆ ನಿಂತು ಕೈಯಲ್ಲಿದ್ದ ಹಾಳೆಗಳನ್ನು ಮಡಚಿಟ್ಟಳು.

"ನಿಮ್ಮ ಕೈಲಿರೋ ಪುಸ್ತಕದಲ್ಲಿ ಈ ಬೆಟ್ಟಗಳು ತಾಯ್ನಾಡಿನ ನೆನಪು ಅಂತ ಬರೆದಿದೆ. ಅದು ತಪ್ಪು. ಬರೆದವಳು ನಾನೇ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು.

ಲೀನಾಳ ನಗು ಮೊದಲ ಬಾರಿಗೆ ಕಾಣೆಯಾಯಿತು. ರುಕ್ಸಾರ್ ನಿಲ್ಲಿಸಲಿಲ್ಲ. ಹಿಮದ ರಾಶಿ, ಹೊಗೆಯ ಮಸಿ, ಶಾಪಿಂಗ್ ಕಾರ್ಟು ಎಲ್ಲ ಹೇಳಿದಳು. ಈ ಮನುಷ್ಯನ ಚಿತ್ರ ಸುಟ್ಟರು, ಕಕ್ಕಸು ತೊಳೆಸಿದರು. ಅವನಿಗೆ ಜಗತ್ತನ್ನು ತಾತ್ಸಾರ ಮಾಡುವ ಹಕ್ಕು ನಮ್ಮೆಲ್ಲರಿಗಿಂತ ಹೆಚ್ಚಿತ್ತು. ಅವನು ಮಾಡಲಿಲ್ಲ. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವ ಹೊಲಸು ರಾಶಿಯನ್ನು ಕೂತು ನೋಡಿದ. ಅಲ್ಲಿ ಶಿಖರವಿತ್ತು, ಕಣಿವೆಯಿತ್ತು, ಇದ್ದದ್ದನ್ನು ಬಿಡಿಸಿದ. ಅವನು ಊರನ್ನು ನೆನೆದು ಅಳುತ್ತಿದ್ದಾನೆ ಅಂದುಕೊಂಡದ್ದು ನಾನು. ನಾನು ಅವನನ್ನು ನೋಡಿರಲೇ ಇಲ್ಲ ಎಂದಳು.

ಆಮೇಲೆ ಕೊನೆಯ ಸ್ಲೈಡ್ ಹಾಕಿದಳು. ಬಾಗಿದ ಚಾವಣಿ, ಎರಡು ಆಕೃತಿ.

"ಇದು ಹೆಂಡತಿ ಅಂತ ಬರೆದಿದ್ದೆ. ಅಲ್ಲ. ಇದು ಕಾರು. ಇವನು ಡ್ರೈವರ್."

ಸಭೆ ನಕ್ಕಿತು. ಖಾದರ್ ಎಲ್ಲರಿಗಿಂತ ಜೋರಾಗಿ ನಕ್ಕರು.

"ಅವನಿಗೆ ಬೇಜಾರು. ಆದರೆ ಕಾಲು ತೆಗೆದರೆ ಹೀಟರ್ ನಿಂತು ಮುದುಕನ ಕೈ ಮರಗಟ್ಟುತ್ತೆ ಅಂತ ಎದ್ದು ಹೋಗಿಲ್ಲ. ಪ್ರೀತಿಯ ಬಗ್ಗೆ ಇಲ್ಲಿ ಒಂದು ಸಾಲು ಬರೆದಿದ್ದೀನಿ. ಪುಸ್ತಕದಲ್ಲಿ ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿ, ಆ ಸಾಲನ್ನ ಹಾಗೇ ಬಿಡಿ. ಅದು ಸರಿಯಾಗಿದೆ."

ಬಾಗಿಲ ಬಳಿ ನಿಂತವನು ಪರದೆಯನ್ನು ನೋಡಿದ. ಬೇಸ್‌ಮೆಂಟಿನಲ್ಲಿ ವರ್ಷಗಟ್ಟಲೆ ಪಿಂಗ್‌ಪಾಂಗ್ ಆಡಿದರೂ ಅವನು ಆ ಚಿತ್ರವನ್ನು ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದ, ನಿಧಾನವಾಗಿ ಕೆಂಪಾದ, ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಸಭೆಯಲ್ಲಿ ಅದನ್ನು ಕಂಡವಳು ಅವಳೊಬ್ಬಳೇ.

ಚಪ್ಪಾಳೆ ಬಂತು, ಆದರೆ ತೆಳ್ಳಗೆ. ಕಣ್ಣೀರಿಗೆಂದು ಬಂದವರಿಗೆ ಶಾಪಿಂಗ್ ಕಾರ್ಟು ಸಿಕ್ಕರೆ ಇನ್ನೇನಾಗುತ್ತದೆ. ಲೀನಾ ಎರಡು ಬೆರಳು ತಾಗಿಸಿ ಕೈ ಕುಲುಕಿದಳು. ಜೂನ್ ತನಕ ಕಾಂಟ್ರ್ಯಾಕ್ಟ್ ಇದೆಯಲ್ಲ, ಆಮೇಲೆ ನೋಡೋಣ ಎಂದಳು. ಆ ನೋಡೋಣದ ಅರ್ಥ ರುಕ್ಸಾರ್‌ಗೆ ಗೊತ್ತಿತ್ತು. ನಾಲ್ಕು ವರ್ಷದ ದುಡಿಮೆ, ಅವಳಿಗೆ ಬೇಕಾಗಿದ್ದ ಒಂದೇ ಕೆಲಸ, ಕೈಬಿಟ್ಟು ಹೋಗಿತ್ತು. ಆದರೂ ಕೋಟು ಹಾಕಿಕೊಂಡು ಬೀದಿಗೆ ಓಡಿದಳು.

ಅದೀಬನ ಕಾರು ಬೀದಿಯ ಮೂಲೆಯಲ್ಲೇ ಇತ್ತು. ಇಂಜಿನ್ ನಡುಗುತ್ತಿತ್ತು. ಬಾಗಿಲು ತೆಗೆದು ಮುದುಕನ ಸೀಟಿನಲ್ಲಿ ಕೂತಳು.

"ಹೇಳದೆ ಹೊರಟ್ರಾ?"

"ನೀವು ಮೊದಲ ಹೇಳಬೇಕಿತ್ತು," ಎಂದ ಅವನು ಕಿಟಕಿಗೆ. "ಅಷ್ಟು ಮಂದಿ ಮುಂದ..."

"ಯಾರಿಗೂ ಗೊತ್ತಾಗಲಿಲ್ಲ. ನಿಮ್ಮ ಮಾಮುಗೂ ಗೊತ್ತಾಗಲಿಲ್ಲ. ಅವರಿಗೆ ಬಿ.ಪಿ. ಬಿಟ್ಟು ಬೇರೇನೂ ಗೊತ್ತಾಗಲ್ಲ."

ಅವನ ಭುಜ ಅಲುಗಿತು. ನಗುತ್ತಿದ್ದ.

"ಅದೀಬ್, ನಂಗೆ ಯಾರನ್ನ ಕಂಡ್ರೂ ತಾತ್ಸಾರ. ಅಮ್ಮಿ ಹತ್ರ ಕೇಳಿ, ಚಿಕ್ಕಂದಿನಿಂದ ಹೀಗೇ. ನಿಮ್ಮನ್ನ ಕಂಡ್ರೆ ಬರ್ತಾ ಇಲ್ಲ. ಪ್ರಯತ್ನ ಪಟ್ಟು ನೋಡಿದೆ. ಈ ಕಾರು ನೋಡಿದ ಮೇಲೂ ಬರಲಿಲ್ಲ."

"ಆ ಸಾಲು ನನಗ ಬಾಯಿಪಾಠ ಐತ್ರಿ," ಎಂದ. "ಅವತ್ತು ಬೇಸ್‌ಮೆಂಟಿನಾಗ ಓದಿದ್ದೆ. ಸತ್ತ ಹೆಂಡ್ತಿ ಬಗ್ಗೆ ಬರದೀರಿ ಅಂತ ತಿಳಕೊಂಡಿದ್ದೆ. ಇಷ್ಟು ಛಂದ ನೋಡೂ ಹುಡುಗಿ, ಯಾವತ್ತರ ನನ್ನನ್ನೂ ಒಮ್ಮೆ ಹಂಗ ನೋಡಿದ್ರ ಸಾಕು ಅನಸಿತ್ತು. ಮೊದಲ ನೋಡಿಬಿಟ್ಟಿದ್ರಿ ಅಂತ ನನಗೇನು ಗೊತ್ತು."

"ನಾಲ್ಕು ವರ್ಷದಿಂದ," ಎಂದಳು.

ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಖಾದರ್ ಮತ್ತು ನೂರುನ್ನೀಸಾ ಅವಳನ್ನು ಹುಡುಕುತ್ತ ನಿಂತಿದ್ದರು.

"ಇನ್ನು ಇವರಿಬ್ಬರು, ಎಲ್ಲ ನಮ್ಮಿಂದಲೇ ಆಯ್ತು ಅಂತ ಜನ್ಮಪೂರ್ತಿ ಹೇಳ್ಕೊಂಡು ತಿರುಗ್ತಾರೆ," ಎಂದಳು ರುಕ್ಸಾರ್, ಅಸಹ್ಯದಿಂದ.

"ಸಹಿಸೂದು ಕಷ್ಟ ಐತಿ," ಎಂದ ಅದೀಬ್, ಇನ್ನೂ ಕಿಟಕಿಗೇ.

ಅವಳು ಕೈ ಚಾಚಿ ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದು ಹುಬ್ಬು ಮೇಲೆ, ಒಂದು ಕೆಳಗೆ, ಕಣ್ಣು ತುಂಬಿತ್ತು. ಶೆನ್ ಮುಯಾನ್ ಒಮ್ಮೆಯೂ ಬಿಡಿಸದ ಮುಖ ಅದು.

ಅದೀಬನ ಕಾಲು ಪೆಡಲಿನಿಂದ ಜಾರಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹೀಟರೂ ನಿಂತಿತು. ಅದನ್ನು ಮತ್ತೆ ಸ್ಟಾರ್ಟ್ ಮಾಡಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.